ಕಾಕಾನ ಬಾವಿಯಲ್ಲಿ ಕಲಿತ ಗುಹೆ ಡೈವಿಂಗ್

ಕಲಘಟಗಿ ಹತ್ತಿರದ ನಮ್ಮ ಕಾಕಾನ ಹೊಲದ ಬಾವಿಯಲ್ಲಿ ಅಭ್ಯಾಸ ಮಾಡಿ ಮೆಕ್ಸಿಕೋದ ಗುಹೆಗೆ ಇಳಿಯುತ್ತೇನೆ ಅಂದಾಗ ನಗದೆ ಉಳಿದ ಗೆಳೆಯ ಒಬ್ಬನೂ ಇಲ್ಲ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸಮುದ್ರದಲ್ಲಿ ನನಗಿಂತ ಎರಡು ಪಟ್ಟು ಡೈವ್ ಮಾಡಿದವನೊಬ್ಬ, "ಬಾವ್ಯಾಗ ಕಪ್ಪಿ ಇರ್ತಾವಲೇ, ಡೈವರ್ ಇರೂದಿಲ್ಲ" ಅಂದಿದ್ದ. ಈಗ ಫುಲ್ ಕೇವ್ ಕಾರ್ಡ್, ಅಂದರೆ ಗುಹೆ ಡೈವಿಂಗ್ ಕೋರ್ಸಿನ ಕೊನೆಯ ಹಂತ ಪಾಸಾದ ಸರ್ಟಿಫಿಕೇಟ್, ನನ್ನ ಪಾಕೀಟಿನಲ್ಲಿದೆ. ಅವನ ಹತ್ತಿರ ಇಲ್ಲ.

ಮೊದಲ ಸಲ ಫೇಲ್ ಆದ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಅಂಗಡಿ. ಎರಡು ವರ್ಷ ಕೂಡಿಟ್ಟ ದುಡ್ಡಿನ ಜೊತೆ ಬುಲೆಟ್ ಮಾರಿದ ದುಡ್ಡನ್ನೂ ಸೇರಿಸಿ ಮೆಕ್ಸಿಕೋದ ಟುಲುಮ್‌ಗೆ ಹೋಗಿದ್ದೆ. ಟಿಕೆಟ್ಟಿಗೆ 1.25 ಲಕ್ಷ, ಕೋರ್ಸಿಗೆ 1.5 ಲಕ್ಷದ ಆಸುಪಾಸು. ರೂಮು, ಸಿಲಿಂಡರ್ ಬಾಡಿಗೆ, ಪ್ರತಿ ಸೆನೋಟೆಯ (ಗುಹೆಗೆ ಇಳಿಯುವ ನೀರಿನ ಹೊಂಡ) ಗೇಟಿನಲ್ಲೂ ಪ್ರವೇಶ ಫೀ, ಎಲ್ಲ ಸೇರಿ 4 ಲಕ್ಷ ಮುಟ್ಟಿತು. ಕೋರ್ಸಿನಲ್ಲಿ ಮೂರು ಹಂತ: ಕ್ಯಾವರ್ನ್, ಇಂಟ್ರೋ, ಫುಲ್ ಕೇವ್. ಕ್ಯಾವರ್ನ್ ಹಂತ ಹೇಗೋ ದಾಟಿದೆ. ಅಲ್ಲಿ ಗುಹೆಯ ಬಾಯಿಯ ಬೆಳಕು ಕಾಣುತ್ತಿರುತ್ತದೆ, ಧೈರ್ಯ ಇರುತ್ತದೆ. ಇಂಟ್ರೋದ ಎರಡನೇ ದಿನ ಬಣ್ಣ ಬಯಲಾಯಿತು. ಸಮುದ್ರದಲ್ಲಿ ಕತ್ತರಿಯ ಹಾಗೆ ಮೇಲೆ ಕೆಳಗೆ ಹೊಡೆದು ರೂಢಿಯಾದ ಕಾಲು ಗುಹೆಯಲ್ಲೂ ಹಾಗೇ ಹೊಡೆಯಿತು. ಹಿಂದೆ ತಿರುಗಿ ನೋಡಿದರೆ ಹೂಳು ಎದ್ದು ಚಹಾ ಆಗಿದೆ. ನನ್ನ ಹಿಂದೆ ಬರುತ್ತಿದ್ದ ಹುಡುಗನಿಗೆ ಲೈನ್, ಅಂದರೆ ಹೊರಗಿನ ದಾರಿ ತೋರಿಸಲು ಗುಹೆಯುದ್ದಕ್ಕೂ ಕಟ್ಟಿದ ದಾರ, ಕಾಣಲಿಲ್ಲ.

ಆಮೇಲೆ ಲೈನ್ ಕಳಕೊಂಡಾಗ ಹುಡುಕುವ ಡ್ರಿಲ್. ಮಾಡಿದವರಿಗೆ ಗೊತ್ತು, ಮಾಸ್ಕಿಗೆ ಕಪ್ಪು ಕವರ್ ಹಾಕಿ, ಲೈನಿನಿಂದ ದೂರ ಎಳೆದು, ಎರಡು ಸುತ್ತು ತಿರುಗಿಸಿ ಬಿಡುತ್ತಾರೆ. ಬಿಟ್ಟ ಕೂಡಲೇ ನಿಲ್ಲಬೇಕು, ಕೈಯಲ್ಲಿನ ಸ್ಪೂಲಿನ (ದಾರ ಸುತ್ತಿದ ಉರುಳೆ) ತುದಿ ಬಂಡೆಗೆ ಕಟ್ಟಬೇಕು, ಆಮೇಲೆ ಹುಡುಕಬೇಕು. ನಾನು ಬಿಟ್ಟ ಕೂಡಲೇ ಈಜಿದೆ! ಲೈನ್ ಇಲ್ಲೇ ಇತ್ತಲ್ಲ ಅನ್ನೋ ಭಂಡ ನಂಬಿಕೆ. 15 ನಿಮಿಷ ಆದರೂ ಸಿಗಲಿಲ್ಲ. ಸ್ಪೂಲಿನ ದಾರ ಫಿನ್‌ನ ಬಕಲ್‌ಗೆ ಸುತ್ತಿಕೊಂಡಿತ್ತು. ಗುರುಗಳು ಮೇಲೆ ಬಂದು ಬೈಯಲಿಲ್ಲ. ಕ್ಯಾವರ್ನ್ ಕಾರ್ಡ್ ಕೊಡುತ್ತೇನೆ, ಮುಂದಿನದಕ್ಕೆ ಕಾಲು ಸರಿಮಾಡಿಕೊಂಡು ಬಾ ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಊರಿಗೆ ಬಂದು ಒಂದು ತಿಂಗಳು ಯಾರಿಗೂ ಮುಖ ತೋರಿಸಲಿಲ್ಲ. ಕಾಲು ಸರಿಮಾಡೋದು ಎಲ್ಲಿ? ಈಜುಕೊಳದ ತಳ ಟೈಲ್ಸು. ಹೇಗೆ ಒದ್ದರೂ ಏನೂ ಏಳುವುದಿಲ್ಲ. ನೇತ್ರಾಣಿಯಲ್ಲಿ ಅಲೆ ಎಲ್ಲ ತಪ್ಪನ್ನೂ ಮುಚ್ಚಿಹಾಕುತ್ತದೆ. ಅದೂ ಅಲ್ಲದೆ ಮಳೆಗಾಲ ಬಂದರೆ ಬಂದ್. ದೀಪಾವಳಿಗೆ ಕಾಕಾನ ಮನೆಗೆ ಹೋದಾಗ ಬಾವಿಗೆ ಇಣುಕಿ ನೋಡಿದೆ. 20 ಅಡಿ ಅಗಲ, ನೀರು 25 ಅಡಿ, ತಳದಲ್ಲಿ ಮೊಣಕಾಲುದ್ದ ಹೂಳು. ಸಣ್ಣವನಿದ್ದಾಗ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದೂ ಅಲ್ಲೇ.

ಕಾಕಾ ಕೇಳಿದ್ದು ಒಂದೇ ಮಾತು: "ತಮ್ಮಾ, ನಾಕ್ ಲಕ್ಷ ಕೊಟ್ಟು ಅಲ್ಲಿ ಕಲಿಯಲಾರದ್ದನ್ನ ಇಲ್ಲಿ ಪುಗಸಟ್ಟೆ ಹೆಂಗ ಕಲೀತಿ?"

ಪುಗಸಟ್ಟೆ ಏನಲ್ಲ. ಸಿಲಿಂಡರ್‌ಗಳನ್ನು ಕರಾವಳಿಯಿಂದ ಬಾಡಿಗೆಗೆ ತಂದು, ಖಾಲಿಯಾದಾಗ ಮತ್ತೆ ಪಿಕಪ್ಪಿನಲ್ಲಿ ಘಟ್ಟ ಇಳಿಸಿ ತುಂಬಿಸಿಕೊಂಡು ಬರಬೇಕು. ಒಂದು ದಿನ ಅದಕ್ಕೇ ಹೋಗುತ್ತದೆ. ಮೂರು ತಿಂಗಳಿಗೆ 35 ಸಾವಿರ ಆಗಿರಬೇಕು. ಗಾಳಿ ಉಳಿಸಲು ಅರ್ಧ ಅಭ್ಯಾಸ ಮಾವಿನ ತೋಟದಲ್ಲಿ ನಡೆಯಿತು. ಗಿಡದಿಂದ ಗಿಡಕ್ಕೆ ಲೈನ್ ಕಟ್ಟಿ, ಕಣ್ಣಿಗೆ ಟವೆಲ್ ಬಿಗಿದು, ಹೆಬ್ಬೆರಳು ತೋರುಬೆರಳಿನ ನಡುವೆ ಲೈನ್ ಹಿಡಿದು ನಡೆಯೋದು. ಲೈನಿಗೆ ಸಿಕ್ಕಿಸಿದ, ಹೊರದಾರಿ ತೋರಿಸುವ ಬಾಣ ಸಿಕ್ಕರೆ ತುದಿ ಯಾವ ಕಡೆ ಅಂತ ಬೆರಳಲ್ಲೇ ಓದಬೇಕು. ಬಾಣಗಳನ್ನು ಎಣ್ಣೆ ಡಬ್ಬದ ಮುಚ್ಚಳ ಕತ್ತರಿಸಿ ಮಾಡಿದ್ದೆ. ಆಳುಮಕ್ಕಳು ನನಗೆ ಗಾಳಿ ಬಡಿದಿದೆ ಅಂತ ತೀರ್ಮಾನಿಸಿದ್ದರು.

ಲೈನಿನ ವಿಷಯದಲ್ಲಿ ಒಂದು ಪೆಟ್ಟು ತಿಂದೆ. ದುರ್ಗದಬೈಲಿನಲ್ಲಿ ಅಗ್ಗಕ್ಕೆ ಸಿಕ್ಕ ಪ್ಲಾಸ್ಟಿಕ್ ಹುರಿ ತಂದಿದ್ದೆ. ಅದು ತೇಲುತ್ತದೆ! ಸಡಿಲ ಬಿಟ್ಟ ಕೂಡಲೇ ಮೇಲೆದ್ದು ಪಕ್ಕೆಗೆ ಕಟ್ಟಿದ ಎಡಗಡೆ ಸಿಲಿಂಡರಿನ ವಾಲ್ವಿಗೆ ಹಾವಿನ ಹಾಗೆ ಸುತ್ತಿಕೊಂಡಿತು. ಕತ್ತರಿಸಿ ಬಿಡಿಸಿಕೊಂಡೆ. ಆಮೇಲೆ ಗೌಂಡಿಗಳು ಬಳಸುವ ನೈಲಾನ್ ದಾರ ತಂದೆ. ನೈಲಾನ್ ಮುಳುಗುತ್ತದೆ, ಕೆಲಸ ನಡೆಯಿತು. ನಡುವೆ ಒಬ್ಬ ಗೆಳೆಯ ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ಮಾಡೋಣ, ಫೋಟೋ ಮಸ್ತ್ ಬರ್ತಾವೆ ಅಂದ. ಸಾವಿರ ವರ್ಷದ ಹತ್ತಿರದ ಮೆಟ್ಟಿಲಿನ ಮೇಲೆ ಸಿಲಿಂಡರ್ ಬೀಳಿಸಿದರೆ ಜೈಲೇ ಗತಿ. ಬೇಡಪ್ಪ ಅಂದೆ.

ಬಾವಿಯ ನಿಜವಾದ ಗುಣ ಅದರ ಹೂಳು. ತಳದಿಂದ ಎರಡಡಿ ಮೇಲೆ ಅಡ್ಡ ಮಲಗಿದ ಹಾಗೆ ನಿಂತು ಒಂದು ಸುತ್ತು ಹಾಕಬೇಕು. ಪಾದ ಸ್ವಲ್ಪ ಕೆಳಗಾದರೂ ಅರ್ಧ ನಿಮಿಷದಲ್ಲಿ ಏನೂ ಕಾಣುವುದಿಲ್ಲ. ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು, ಹೂಳು ಕೂರೋಕೆ ಮರುದಿನದವರೆಗೆ ಕಾಯಬೇಕು. ಮೊದಲ ಎಂಟು ದಿನ ಐದು ನಿಮಿಷಕ್ಕಿಂತ ಜಾಸ್ತಿ ನೀರು ತಿಳಿಯಾಗಿ ಉಳಿಯಲಿಲ್ಲ. ಸಂಕ್ರಾಂತಿ ಹೊತ್ತಿಗೆ 40 ನಿಮಿಷ ಇದ್ದು ಬಂದರೂ ಮೇಲೆ ನಿಂತ ಕಾಕಾನಿಗೆ ನನ್ನ ಟಾರ್ಚ್ ಕಾಣುತ್ತಿತ್ತು. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಅದರ ಹಿಂಬದಿ ಏಳುತ್ತದಲ್ಲ, ಅದಕ್ಕೆ ಕ್ಲಿಪ್ಪನ್ನು ಎಲ್ಲಿ ಸರಿಸಬೇಕು ಅನ್ನೋದೂ ಅಲ್ಲೇ ತಿಳಿಯಿತು. ಹಿಂದಕ್ಕೆ ಈಜುವುದಂತೂ ಬಾವಿಯೇ ಕಲಿಸಿತು. ಹಿಂದೆ ಹೋಗದಿದ್ದರೆ ಮೂಗು ಗೋಡೆಗೆ ತಾಗುತ್ತದೆ. ಹಿಮ್ಮಡಿಯನ್ನು ಹೇಗೆ ತಿರುಗಿಸಿದರೆ ಹಿಂದೆ ಸರಿಯುತ್ತೀರಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎರಡು ತಿಂಗಳು ಮೂಗು ಕೆತ್ತಿಸಿಕೊಂಡಿದ್ದೇನೆ.

ಎರಡನೇ ಸಲ ಅದೇ ಗುರುಗಳು. ಖರ್ಚು 3.5 ಲಕ್ಷ, ಯಾಕೆಂದರೆ ರೂಮಿನಲ್ಲೇ ಅಡುಗೆ ಮಾಡಿದೆ. ಹೊರಡುವಾಗ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹತ್ತು ದಿನ ಬಂತು. ಮೊದಲ ದಿನ ಗಾಳಿಯ ಲೆಕ್ಕದಲ್ಲಿ ಎಡವಿದೆ. ಗಾಳಿಯಲ್ಲಿ ಮೂರನೇ ಒಂದು ಭಾಗ ಹೋಗೋಕೆ, ಒಂದು ಭಾಗ ಬರೋಕೆ, ಒಂದು ಭಾಗ ಆಪತ್ತಿಗೆ. ಗೇಜ್ 190 ಬಾರ್ ತೋರಿಸಿದಾಗ ಮೂರರಿಂದ ಭಾಗಿಸಿ 63 ಬಳಸುತ್ತೇನೆ ಅಂದೆ. ಮೂರರಿಂದ ಸುಲಭವಾಗಿ ಭಾಗವಾಗೋ 180 ಅಂತ ಇಳಿಸಿಕೊಂಡು, 60 ಅಷ್ಟೇ ಬಳಸಿ, ಗೇಜ್ 130ಕ್ಕೆ ಬಂದಾಗ ತಿರುಗಬೇಕು. ಆ ಮೂರು ಬಾರ್‌ಗೆ ಕಾಲು ಗಂಟೆ ಬೈಸಿಕೊಂಡೆ. ಈ ಸಲವಾದರೂ ಬೈದರಲ್ಲ ಅಂತ ಖುಷಿಯಾಯಿತು.

ಮತ್ತೆ ಅದೇ ಡ್ರಿಲ್ ಬಂತು. ಮಾಸ್ಕ್ ಕಪ್ಪು, ಎರಡು ಸುತ್ತು, ಕೈ ಬಿಟ್ಟರು. ನಿಂತೆ. ಕೈಗೆ ಸಿಕ್ಕ ಬಂಡೆಗೆ ಸ್ಪೂಲ್ ಸುತ್ತಿ, ಎಳೆದು ನೋಡಿದೆ. ಒಂದು ಕೈ ಮುಂದೆ ಚಾಚಿ ಮೇಲೆ ಕೆಳಗೆ ಆಡಿಸುತ್ತ ಒಂದು ದಿಕ್ಕಿಗೆ ಹೋದೆ, ಗೋಡೆ ಸಿಕ್ಕಿತು. ದಾರ ಸುತ್ತಿಕೊಳ್ಳುತ್ತ ವಾಪಸ್ ಬಂದೆ. ಇನ್ನೊಂದು ದಿಕ್ಕಿಗೆ ಹೋದೆ. ಮುಂಗೈಗೆ ತೆಳ್ಳಗೆ ಏನೋ ತಾಗಿತು. ಮಾವಿನ ತೋಟ ನೆನಪಾಯಿತು, ನಿಜ. ಬಾಣ ಓದಿ ಹೊರಗಿನ ಕಡೆ ತಿರುಗಿದಾಗ ಆರು ನಿಮಿಷ ಆಗಿತ್ತಂತೆ. ನನ್ನ ಜೊತೆಗಿದ್ದ ಇಬ್ಬರಿಗೂ ಇನ್ನೂ ಹೊತ್ತು ಹಿಡಿಯಿತು, ಇದನ್ನು ಹೇಳದೆ ಇರಲಾರೆ.

ಕೊನೆಯ ಎರಡು ದಿನ ಸುಮ್ನೆ ನೋಡುತ್ತ ಈಜಿದೆ. ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು. ಅವು ಕೂಡುವ ಕಡೆ ಬೇಸಿಗೆಯ ಡಾಂಬರು ರಸ್ತೆ ಮೇಲೆ ಬಿಸಿ ಅಲೆ ಎದ್ದಂತೆ ಎಲ್ಲ ಕದಡುತ್ತದೆ. ಅಲ್ಲಿನ ಸಾಕ್ ಆಕ್ತುನ್ ಗುಹೆಗೆ 2018ರಲ್ಲಿ ದೋಸ್ ಓಹೋಸ್ ಅನ್ನೋ ಇನ್ನೊಂದು ಗುಹೆ ಕೂಡಿದಾಗ ಅಳತೆ 347 ಕಿ.ಮೀ. ಆಗಿತ್ತು. ಹುಬ್ಬಳ್ಳಿಯಿಂದ ತುಮಕೂರಿನವರೆಗೆ ನೀರೊಳಗೇ ಹೋದ ಹಾಗೆ. ನಾನು ನೋಡಿದ್ದು ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಬಿಟ್ಟು ಗಬ್ಬೂರಿನವರೆಗೂ ಆಗಲಿಕ್ಕಿಲ್ಲ.

ನಕ್ಕಿದ್ದ ಗೆಳೆಯನೇ ಈಗ ಬಾವಿ ಕೇಳುತ್ತಿದ್ದಾನೆ. ಕಾಕಾ ಒಪ್ಪಿದ್ದಾನೆ, ಧಾರವಾಡ ಪೇಢೆ ಎರಡು ಕಿಲೋ ತರಬೇಕಂತೆ. ಬರೋದಾದರೆ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಬನ್ನಿ, ಯುಗಾದಿಗೆ ನೀರು ಇಳಿದಿರುತ್ತದೆ. ಮೇಲೆ ಹಗ್ಗ ಹಿಡಿದು ಒಬ್ಬ ಇರಲೇಬೇಕು. ಇಳಿಯೋ ಮುಂಚೆ ಸ್ಟಾರ್ಟರ್ ಡಬ್ಬಿಯ ಫ್ಯೂಸ್ ಕಿತ್ತು ಕಾಕಾನ ಕೈಗೆ ಕೊಡಿ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ, ಆಟೋ ಹಾಕಿದ್ದರೆ ಮೋಟಾರು ತಾನೇ ಶುರುವಾಗುತ್ತದೆ. ಆ ಮೋಟಾರು ಕೂರಿಸಿದವನೇ ನಾನು, ಅದರ ಎಳೆತ ನನಗೆ ಗೊತ್ತು.