ಬೂತಾಯಿ ಕೊಳ್ಳುವುದು, ಹಸನು ಮಾಡುವುದು, ಹುರಿಯುವುದು ಹೇಗೆ?

ಕಾಟ್ಲಾ, ರೋಹುವಿನಂತಹ ಕೆರೆ ಮೀನಿಗೆ ಒಗ್ಗಿರುವ ಮೈಸೂರಿನ ಅಡುಗೆಮನೆಗಳಲ್ಲಿ ಬೂತಾಯಿಗೆ ಸಲ್ಲಬೇಕಾದ ಆದರ ಇನ್ನೂ ಸಂದಿಲ್ಲ. ಕೇರಳದಲ್ಲಿ ಮತ್ತಿ, ಕಾರವಾರದ ಕಡೆ ತಾರ್ಲೆ ಎನಿಸಿಕೊಳ್ಳುವ ಇದು ಉಷ್ಣವಲಯದ ಕರಾವಳಿಯಲ್ಲಿ ಗುಂಪುಗುಂಪಾಗಿ ಬದುಕುವ ಸಾರ್ಡಿನೆಲ್ಲಾ ಕುಲದ ಮೀನು. ಮಳೆಗಾಲದಲ್ಲಿ ಸಮುದ್ರದಲ್ಲಿ ಹೆಚ್ಚುವ ಸೂಕ್ಷ್ಮ ಸಸ್ಯಗಳನ್ನು ತಿಂದು ಕೊಬ್ಬುವುದರಿಂದ, ಮಳೆ ಕಳೆದ ಮೇಲಿನ ತಿಂಗಳುಗಳಲ್ಲಿ ಇದರ ರುಚಿಯೇ ಬೇರೆ.

ಮೊದಲನೆಯದಾಗಿ, ಕೊಳ್ಳುವಾಗ ಮಂಜುಗಡ್ಡೆಯನ್ನು ನೋಡಬೇಕು. ಕಡಲು ಇಲ್ಲಿಂದ ಬಹಳ ದೂರದಲ್ಲಿದೆ. ದಾರಿಯಲ್ಲಾಗಲಿ ಅಂಗಡಿಯಲ್ಲಾಗಲಿ ತಂಪು ತಪ್ಪಿದರೆ ಈ ಮೀನಿನಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮೀನ್ ಎಂಬ ವಸ್ತು ಉಂಟಾಗುತ್ತದೆ, ಅದು ಮೈ ಕೆಂಪಾಗುವುದು, ತಲೆನೋವು, ವಾಂತಿಗಳಿಗೆ ಕಾರಣವಾಗುತ್ತದೆ, ಮತ್ತು ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಬರಿಯ ಹಲಗೆಯ ಮೇಲೆ ಹರಡಿದ ಮೀನು ಎಷ್ಟೇ ಅಗ್ಗವಾದರೂ ಬೇಡ. ಮೈ ಗಟ್ಟಿಯಾಗಿದ್ದು, ಕಿವಿರು ಕೆಂಪಗಿರಬೇಕು. ಹೊಟ್ಟೆ ಒಡೆದಿರುವುದನ್ನು ಬಿಟ್ಟುಬಿಡಿ: ಸತ್ತ ಮೀನಿನ ಕರುಳಿನ ಜೀರ್ಣರಸವೇ ಅದರ ತೆಳುವಾದ ಹೊಟ್ಟೆಯನ್ನು ಕರಗಿಸಲು ತೊಡಗಿದೆ ಎಂದು ಅದರ ಅರ್ಥ. ಕಿವಿರು ಮುಚ್ಚಳದ ಹಿಂದಂಚಿನಲ್ಲಿ ಕಪ್ಪು ಚುಕ್ಕೆಯಿದ್ದು, ತಲೆ ಉದ್ದವಾಗಿದ್ದರೆ ಅದು ಹೆಚ್ಚು ಎಣ್ಣೆಯಂಶವುಳ್ಳ ಅಸಲು ಬೂತಾಯಿ.

ಹಸನು ಮಾಡಲು ದೊಡ್ಡ ಚಾಕು ಬೇಡ, ಕತ್ತರಿ ಸಾಕು. ನೀರಿನಲ್ಲಿ ಹಿಡಿದು ಬಾಲದಿಂದ ತಲೆಯ ಕಡೆಗೆ ಹೆಬ್ಬೆರಳಿನಲ್ಲಿ ಉಜ್ಜಿದರೆ ಹುರುಪೆ ಉದುರುತ್ತದೆ. ಹೊಟ್ಟೆಯ ಅಂಚಿನುದ್ದಕ್ಕೂ ಗರಗಸದ ಹಲ್ಲಿನಂತಹ ಗಟ್ಟಿ ಹುರುಪೆಗಳ ಸಾಲಿರುವುದರಿಂದ, ಆ ಅಂಚನ್ನೇ ತೆಳುವಾಗಿ ಕತ್ತರಿಸಿ ತೆಗೆಯಿರಿ; ಕರುಳು ತೆಗೆಯಲು ದಾರಿಯೂ ಆಗುತ್ತದೆ. ಒಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಕಹಿ ಉಳಿಯುತ್ತದೆ. ತಲೆ ತೆಗೆದು, ಉಪ್ಪು, ಹುಣಸೆಹಣ್ಣು ಹಾಕಿ ತೊಳೆಯಿರಿ.

ಮೀನನ್ನು ತುಂಡು ಮಾಡದೆ ಎರಡೂ ಬದಿಗೆ ಓರೆಯಾಗಿ ಮೂರು ಗೀರು ಹಾಕಿದರೆ ಸಣ್ಣ ಮುಳ್ಳುಗಳು ಕತ್ತರಿಸಿಹೋಗಿ, ಹುರಿದಾಗ ಗರಿಗರಿಯಾಗುತ್ತವೆ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಸಿನ, ಹುಣಸೆರಸ, ಉಪ್ಪನ್ನು ನೀರು ತಾಗಿಸದೆ ಗಟ್ಟಿಯಾಗಿ ರುಬ್ಬಿ ಸವರಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಮೀನು ತನ್ನದೇ ಎಣ್ಣೆ ಬಿಡುವುದರಿಂದ ಕಾವಲಿಗೆ ಎರಡು ಚಮಚ ಎಣ್ಣೆ ಸಾಕು. ಹದವಾದ ಉರಿಯಲ್ಲಿ ಒಂದು ಬದಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಮಗುಚಬಾರದು. ಈ ಕೊಬ್ಬು ಫ್ರೀಜರಿನಲ್ಲಿಯೂ ನಿಧಾನವಾಗಿ ಕಮಟುವುದರಿಂದ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕೊಂಡು ಅಂದೇ ಹುರಿಯುವುದು ಒಳ್ಳೆಯದು.