ಬೆಸೆದ ಕೋಶ ಯಾರ ಕಡೆಗೆ? ನನ್ನ ಅನುಭವ

ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನನ್ನ ಪಾಲಿಗೆ ಬಂದ ಕೆಲಸವೆಂದರೆ, ಎಸ್‌ವಿ40 ಎಂಬ ಮಂಗಗಳ ವೈರಸ್ಸಿನಿಂದ ರೂಪಾಂತರಗೊಂಡ, ಎಂದರೆ ಕ್ಯಾನ್ಸರಿನ ಗುಣ ಪಡೆದ, ಮೌಸ್ ಕೋಶಗಳನ್ನು ರ‍್ಯಾಟ್ ಭ್ರೂಣದ ಸಾಮಾನ್ಯ ಕೋಶಗಳೊಡನೆ ಬೆಸೆದು, ಹುಟ್ಟುವ ಸಂಕರ ಕೋಶದಲ್ಲಿ ಕ್ಯಾನ್ಸರಿನ ಗುಣ ಉಳಿಯುತ್ತದೆಯೇ ಅಡಗುತ್ತದೆಯೇ ಎಂದು ನೋಡುವುದು. ಇಂಥ ಬೆಸುಗೆಯಿಂದ ಗೆಡ್ಡೆ ಕಟ್ಟುವ ಶಕ್ತಿ ಅಡಗುತ್ತದೆಂದು ಕೋಶವಿಜ್ಞಾನಿ ಹೆನ್ರಿ ಹ್ಯಾರಿಸ್ ಮತ್ತು ಸಂಗಡಿಗರು 1969ರಲ್ಲಿ ತೋರಿಸಿದ್ದನ್ನು ಓದಿದ್ದ ನಾನು ಅದೇ ಉತ್ತರವನ್ನು ಎದುರುನೋಡುತ್ತಿದ್ದೆ.

ಬೆಸೆಯುವುದು ಒಂದು ನಿಮಿಷದ ಕೆಲಸ. ಅಂಟಿ ಕೂತ ಕೋಶಗಳ ಮೇಲೆ ಕೋಶಗಳ ಪೊರೆಗಳನ್ನು ಒಂದಾಗಿಸುವ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ರಾಸಾಯನಿಕ ಹಾಕಿ, ಕೂಡಲೇ ಸೀರಮ್ ಇಲ್ಲದ ಮಾಧ್ಯಮದಿಂದ ನಿಧಾನವಾಗಿ ತೊಳೆಯಬೇಕು. ತಡವಾದರೆ ಕೋಶಗಳೇ ಉಳಿಯುವುದಿಲ್ಲ. ಕಷ್ಟವಿರುವುದು ಸಂಕರವನ್ನು ಹೆಕ್ಕುವುದರಲ್ಲಿ. ನಮ್ಮ ಮೌಸ್ ಕೋಶಗಳಲ್ಲಿ ಎಚ್‌ಪಿಆರ್‌ಟಿ ಎಂಬ ಕಿಣ್ವವಿರಲಿಲ್ಲವಾದ್ದರಿಂದ ಅವು, ಆ ಕಿಣ್ವವಿಲ್ಲದ ಕೋಶಗಳನ್ನು ಕೊಲ್ಲುವ ಹ್ಯಾಟ್ ಮಾಧ್ಯಮದಲ್ಲಿ ಸಾಯುತ್ತಿದ್ದವು, ಆದರೆ ಔಬೈನ್ ಎಂಬ ಸಸ್ಯವಿಷವನ್ನು ತಾಳಿಕೊಳ್ಳುತ್ತಿದ್ದವು. ರ‍್ಯಾಟ್ ಕೋಶಗಳದ್ದು ಇದಕ್ಕೆ ತದ್ವಿರುದ್ಧ. ಹ್ಯಾಟ್, ಔಬೈನ್ ಎರಡನ್ನೂ ಬೆರೆಸಿದ ಮಾಧ್ಯಮದಲ್ಲಿ ಬದುಕುವುದು ಸಂಕರ ಮಾತ್ರ. ಹಾಗೆಂದು ನಂಬಿ ಕೂರದೆ ವರ್ಣತಂತುಗಳನ್ನೂ ನೋಡಿದೆ: ಬಹುತೇಕ ಒಂಟಿ ತೋಳಿನ ಮೌಸ್ ವರ್ಣತಂತುಗಳ ನಡುವೆ ರ‍್ಯಾಟಿನ ಇಬ್ಬದಿ ತೋಳಿನವು ಸ್ಪಷ್ಟವಾಗಿ ಕಂಡವು. (ಅಷ್ಟರಲ್ಲಿ ಮಳೆಗಾಲದ ಆಟಿ ತಿಂಗಳು ಹಿಡಿದಿತ್ತು. ಚಪ್ಪಲಿಗೂ ಬೂಷ್ಟು ಬರುವ ನಮ್ಮೂರಿನಲ್ಲಿ ಕೋಶದ ತಟ್ಟೆಗಳು ಕೆಡದಿದ್ದುದೇ ಪುಣ್ಯ.)

ಸಾಮಾನ್ಯ ಕೋಶಗಳು ಬೆಳೆಯಲು ಅಂಟಿಕೊಳ್ಳಲು ನೆಲ ಬೇಕು. ರೂಪಾಂತರಗೊಂಡವು ಅಗರ್ ಎಂಬ ಮೆತ್ತನೆಯ ಲೋಳೆಯಲ್ಲಿ ತೇಲುತ್ತಲೇ ಗುಂಪು ಕಟ್ಟುತ್ತವೆ. ಮೂರು ವಾರ ಕಳೆದರೂ ನನ್ನ ಸಂಕರ ಕೋಶಗಳ ತಟ್ಟೆಯಲ್ಲಿ ಒಂದು ಗುಂಪೂ ಮೂಡಲಿಲ್ಲ. ಗುಣ ಅಡಗಿತೆಂದು ಹಿಗ್ಗಿ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ವೈರಸ್ಸಿನ ಮೂಲ ಕೋಶದ ತಟ್ಟೆ ಎಲ್ಲಿ ಮಾರಾಯ್ತಿ?" ಗುಂಪು ಕಟ್ಟಲೇಬೇಕಿದ್ದ ಆ ತಟ್ಟೆಯೂ ಬೋಳಾಗಿತ್ತು. ಆತುರದಲ್ಲಿ ಅಗರ್ ಆರುವ ಮೊದಲೇ ಕೋಶಗಳನ್ನು ಬೆರೆಸಿ ಎಲ್ಲವನ್ನೂ ಬೇಯಿಸಿಬಿಟ್ಟಿದ್ದೆ.

ಮರುಸಲ ಅಗರ್ ಸುಮಾರು 40 ಡಿಗ್ರಿಗೆ ಇಳಿದ ಮೇಲೆಯೇ ಬೆರೆಸಿದೆ. ಈ ಬಾರಿ ಮೂಲ ಕೋಶಗಳಂತೆಯೇ ಸಂಕರಗಳೂ ಸಾಸಿವೆ ಚೆಲ್ಲಿದ ಹಾಗೆ ಗುಂಪು ಕಟ್ಟಿದವು, ಅವುಗಳ ಕೋಶಕೇಂದ್ರಗಳಲ್ಲಿ ವೈರಸ್ಸಿನ ಟಿ ಆಂಟಿಜೆನ್ ಎಂಬ ಪ್ರೋಟೀನು ಹೊಳೆಯುತ್ತಿತ್ತು. ಹ್ಯಾರಿಸ್ ಹೇಳಿದ್ದು ಸುಳ್ಳಾಗಲಿಲ್ಲ. ಕೋಶ ತಾನೇ ಕಳೆದುಕೊಂಡ ಜೀನ್ ಆಗಿದ್ದರೆ ಸಾಮಾನ್ಯ ಸಂಗಾತಿ ಅದನ್ನು ತುಂಬಿಕೊಡಬಹುದಿತ್ತು. ಇಲ್ಲಿ ಹಾಗಲ್ಲ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕಲೆಂದು ಸಂಗಾತಿ ತಂದ ಪಿ53 ಮತ್ತು ಆರ್‌ಬಿ ಪ್ರೋಟೀನುಗಳನ್ನೂ ಟಿ ಆಂಟಿಜೆನ್ ಹಿಡಿದು ಕಟ್ಟಿಹಾಕುತ್ತದೆ.