ಡಿಗ್ರಿ ಸೇರಿದವರು ಲೈಬ್ರರಿಯಲ್ಲಿ ಮೊದಲು ಕೇಳಬೇಕಾದ್ದು

ಈ ವರ್ಷ ಡಿಗ್ರಿ ಸೇರಿದ ಮಕ್ಕಳು ಗ್ರೂಪಿನಲ್ಲಿದ್ದರೆ ಒಂದು ಮಾತು. ಲೈಬ್ರರಿ ಕಾರ್ಡ್ ಮಾಡಿಸುವ ದಿನವೇ ಕೌಂಟರಿನಲ್ಲಿ "ಎನ್-ಲಿಸ್ಟ್ ಲಾಗಿನ್ ಕೊಡ್ತೀರಾ ಮೇಡಂ?" ಅಂತ ಕೇಳಿಬಿಡಿ. ಇದು ಇನ್‌ಫ್ಲಿಬ್‌ನೆಟ್ (ಯುಜಿಸಿಯ ಗ್ರಂಥಾಲಯ ಜಾಲದ ಕೇಂದ್ರ) ನಡೆಸುವ ಯೋಜನೆ. ಕಾಲೇಜು ಸದಸ್ಯವಾಗಿದ್ದರೆ ಸಾವಿರಾರು ಜರ್ನಲ್, ಲಕ್ಷಕ್ಕೂ ಹೆಚ್ಚು ಇ-ಪುಸ್ತಕ ಮನೆಯಲ್ಲೇ ಕೂತು ಓದಬಹುದು. ಬಾಯಿಬಿಟ್ಟು ಕೇಳದೆ ಯಾರೂ ತಂದುಕೊಡಲ್ಲ; ನಾನು ಕೇಳಿದ್ದು ಕೊನೆಯ ಸೆಮಿಸ್ಟರಿನಲ್ಲಿ! ಕಾಲೇಜು ಸದಸ್ಯವಲ್ಲದಿದ್ದರೂ ಪರವಾಗಿಲ್ಲ, ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ವೆಬ್‌ಸೈಟ್ ಎಲ್ಲರಿಗೂ ಉಚಿತ. ಸೆಮಿನಾರ್ ವಿಷಯಕ್ಕೆ ನಾನಂತೂ ಮೊದಲು ಅಲ್ಲೇ ಹುಡುಕೋದು.

ಬಾಗಿಲ ಪಕ್ಕದ 'ಹೊಸ ಪುಸ್ತಕಗಳು' ರ‍್ಯಾಕ್ ಬರೀ ನೋಡೋಕಲ್ಲ. ಡಿಸ್‌ಪ್ಲೇಯಲ್ಲಿ ಇರುವಷ್ಟು ದಿನ ಮನೆಗೆ ಕೊಡದಿದ್ದರೆ, ಹೆಸರು ಬರೆಸಿ ಬನ್ನಿ, ರ‍್ಯಾಕಿನಿಂದ ಇಳಿದ ಮೇಲೆ ಮೊದಲು ನಿಮಗೇ ಸಿಗುತ್ತೆ. ಕನ್ನಡ ಸಾಹಿತ್ಯ ಬೇಕಾದರೆ ಪುಸ್ತಕದ ಬೆನ್ನಿನ ಚೀಟಿಯಲ್ಲಿ 894.814 ಹುಡುಕಿ. ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಅನುಸರಿಸುವ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಇದೇ ನಂಬರು.

ಇನ್ನು ಆಗಸ್ಟ್ 12. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ಭಾಷಣ ಸ್ವಲ್ಪ ಉದ್ದವಾಗಬಹುದು, ಹಿಂದಿನ ಸಾಲಲ್ಲಿ ಕೂರಿ. ಆದರೆ ಪ್ರದರ್ಶನ ಇಟ್ಟಿದ್ದರೆ ತಪ್ಪಿಸಬೇಡಿ. ನಮ್ಮಲ್ಲಿ ವರ್ಷವಿಡೀ ಬೀಗ ಹಾಕಿರುತ್ತಿದ್ದ ಗಾಜಿನ ಬೀರುವಿನ ಹಳೇ ನಿಘಂಟುಗಳು, ಅಂಚು ಕಂದಿದ ಪತ್ರಿಕೆಗಳ ಬೈಂಡು ಅವತ್ತೊಂದೇ ದಿನ ಮೇಜಿನ ಮೇಲೆ ಬರುತ್ತಿದ್ದವು. ಕೈ ತೊಳೆದುಕೊಂಡು ಹೋಗಿ, ಮುಟ್ಟೋಕೆ ಬಿಡ್ತಾರೆ.